ಪೊಲೀಸರದ್ದಲ್ಲ

ನಮ್ಮ ಊರಿನಲ್ಲಿ ಏನೂ ಬರೆಯದ ಗಾಡಿ ಪೊಲೀಸರದ್ದು. ಉಳಿದ ಎಲ್ಲ ಗಾಡಿಗಳ ಮೇಲೂ ‘ಪೊಲೀಸರದ್ದಲ್ಲ’ ಎಂದು ನಾಲ್ಕೂ ಕಡೆಗೆ ಕಾಣುವ ಹಾಗೆ ಬರೆದಿರಬೇಕು. ಬಸ್ಸು, ಲಾರಿ, ಆಟೋ ಅಷ್ಟೇ ಅಲ್ಲ, ಚಕ್ರ ಇರುವುದೆಲ್ಲ ಗಾಡಿಯೇ. ಬಾಳೆಹಣ್ಣಿನ ತಳ್ಳುಗಾಡಿಗೂ ಬರೆಯಬೇಕು, ಆಸ್ಪತ್ರೆಯ ಗಾಲಿಕುರ್ಚಿಗೂ ಬರೆಯಬೇಕು. ಮದುವೆಯ ಕಾರಿಗೆ ಅದನ್ನೇ ಸೇವಂತಿಗೆ ಹೂವಿನಲ್ಲಿ ಕಟ್ಟಿಸುತ್ತಾರೆ, ಹುಡುಗ ಹುಡುಗಿಯ ಹೆಸರು ಅದರ ಕೆಳಗೆ ಸಣ್ಣದಾಗಿ ಇರುತ್ತದೆ. ನಮ್ಮ ಓಣಿಯ ನಿವೃತ್ತ ಮಾಸ್ತರರೊಬ್ಬರು, ಮೊಮ್ಮಗಳು ನಡೆಯಲು ಕಲಿಯುವ ಮೂರು ಚಕ್ರದ ಮರದ ಗಾಡಿಗೂ ಕೆಂಪು ಬಣ್ಣದಲ್ಲಿ ಬರೆದುಬಿಟ್ಟರು. ಸುಮ್ಮನೆ ಯಾಕೆ ತಲೆಬಿಸಿ ಎಂದು ಅವರ ಲೆಕ್ಕಾಚಾರ. ಶಾಲೆಗೆ ಸೇರುವ ಮೊದಲೇ ನಮ್ಮ ಮಕ್ಕಳಿಗೆ ಈ ಒಂದು ಶಬ್ದ ಬರೆಯಲು ಬರುತ್ತದೆ, ಹಾಗಾಗಿ ಅವರು ಅ ಆ ಕಲಿಯುವುದಕ್ಕಿಂತ ಮುಂಚೆ ಒತ್ತಕ್ಷರ ಕಲಿಯುತ್ತಾರೆ.

ಏನೂ ಬರೆಯದ ಗಾಡಿ ಬಂದರೆ ಜನ ರಸ್ತೆಯ ಬದಿಗೆ ಸರಿದು ನೆಲ ನೋಡುತ್ತಾರೆ. ಅದು ಕೆಂಪು ವ್ಯಾನ್ ಆಗಿರಬಹುದು, ತುಕ್ಕು ಹಿಡಿದ ಹಳೆಯ ಕಾರು ಆಗಿರಬಹುದು, ಒಮ್ಮೆ ಬೈಹುಲ್ಲು ತುಂಬಿದ ಲಾರಿಯೂ ಬಂದಿತ್ತು. ಅದರಿಂದ ಇಳಿದವರೇ ಪೊಲೀಸರು. ಗಾಡಿಯೇ ಯೂನಿಫಾರ್ಮ್ ಆದ ಮೇಲೆ ಬಟ್ಟೆಗೆ ಯಾಕೆ ಖರ್ಚು ಎಂದು ಖಾಕಿಯನ್ನು ಯಾವಾಗಲೋ ಬಿಟ್ಟಿದ್ದಾರೆ. ನೀವು ನಿಜವಾಗಿ ಪೊಲೀಸರಾ ಎಂದು ಅವರನ್ನು ಕೇಳುವುದು ಅಪರಾಧ. ಪೊಲೀಸರಲ್ಲದವರು ಏನೂ ಬರೆಯದ ಗಾಡಿಯಲ್ಲಿ ಕೂರುವುದು ಇನ್ನೂ ದೊಡ್ಡ ಅಪರಾಧ, ಅದಕ್ಕೆ ನಮ್ಮಲ್ಲಿ ವೇಷ ಹಾಕುವುದು ಎನ್ನುತ್ತಾರೆ. ಕೇಳುವುದೇ ತಪ್ಪು ಎಂದಾದರೆ ವೇಷದವನನ್ನು ಗುರುತಿಸುವುದು ಹೇಗೆ? ಈ ಪ್ರಶ್ನೆ ನಮ್ಮ ಊರಿನವರಿಗೆ ಹೊಳೆಯುವುದಿಲ್ಲ ಎಂದುಕೊಳ್ಳಬೇಡಿ. ಎಲ್ಲರಿಗೂ ಹೊಳೆಯುತ್ತದೆ. ಹೊಳೆದದ್ದನ್ನು ನುಂಗಿ ಮೇಲೊಂದು ಲೋಟ ನೀರು ಕುಡಿದು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇದನ್ನು ಅವರು ಹೊಂದಾಣಿಕೆ ಎನ್ನುತ್ತಾರೆ. ನಾನು ಹೇಡಿತನ ಎನ್ನುತ್ತೇನೆ, ಮತ್ತು ಈಗ ಅದನ್ನು ಯಾರ ಎದುರು ಬೇಕಾದರೂ ಹೇಳುತ್ತೇನೆ.

ನಮ್ಮದು ಐಸಿನ ವ್ಯಾಪಾರ. ಅಪ್ಪ ಬಿಟ್ಟುಹೋದದ್ದು ಒಂದು ಶೆಡ್ಡು, ಒಂದು ಟೆಂಪೋ ಮತ್ತು ನನ್ನ ತಮ್ಮ ದಿವಾಕರ. ಅಮ್ಮ ಅದಕ್ಕೂ ಮೊದಲೇ ತೀರಿಕೊಂಡಿದ್ದರಿಂದ ಅವನ ಮೂಗು ಒರೆಸಿ ದೊಡ್ಡವನನ್ನಾಗಿ ಮಾಡಿದ್ದು ನಾನೇ. ನಾನು ಶೆಡ್ಡಿನಲ್ಲಿ ಗಡ್ಡೆ ಒಡೆದು ಮರದ ಹುಡಿ ಹಾಕಿ ತುಂಬಿಸುತ್ತೇನೆ, ಅವನು ಅದನ್ನು ಬೋಟುಗಳು ಬಂದು ನಿಲ್ಲುವ ದಕ್ಕೆಗೆ ಒಯ್ದು ಮೀನಿನ ಹೆಂಗಸರಿಗೆ ಹಂಚಿ ಬರುತ್ತಾನೆ. ಟೆಂಪೋ ಓಡಿಸಲು ನನಗೂ ಬರುತ್ತದೆ, ಅಪ್ಪ ಕಲಿಸಿದ್ದರು. ಆದರೆ ದಿವಾಕರನಿಗೆ ದಕ್ಕೆ ಎಂದರೆ ಇಷ್ಟ. ಅಲ್ಲಿ ಹೆಂಗಸರು ಅವನನ್ನು ಬೈಯುತ್ತಿದ್ದರು, ಅವನು ತಿರುಗಿ ಬೈಯುತ್ತಿದ್ದ, ಹಾಗೆ ಅವನ ದಿನ ಸಾಗುತ್ತಿತ್ತು. ಮೈ ಬಗ್ಗಿಸಿ ದುಡಿಯುವುದರಲ್ಲಿ ಸ್ವಲ್ಪ ಹಿಂದೆ, ಮಾತಿನಲ್ಲಿ ಎರಡು ಹೆಜ್ಜೆ ಮುಂದೆ.

ಐಸಿನ ಗಾಡಿ ಸೋರುತ್ತದೆ, ಅದಕ್ಕೆ ಮದ್ದಿಲ್ಲ. ನಮ್ಮ ಟೆಂಪೋ ಸೋರುತ್ತಿದ್ದದ್ದು ಹಿಂದಿನ ಬಾಗಿಲಿನ ಬಲಗಡೆಯಿಂದ. ಆ ಬಾಗಿಲಿನ ಉದ್ದಕ್ಕೂ ‘ಪೊಲೀಸರದ್ದಲ್ಲ’ ಎಂದು ಬರೆದಿತ್ತು. ಎಂಥ ಒಳ್ಳೆಯ ಪೇಂಟ್ ಹಚ್ಚಿದರೂ ಸೋರುವ ನೀರು ಅದನ್ನು ತಿನ್ನುತ್ತಿತ್ತು, ಮತ್ತು ಮೊದಲು ಹೋಗುತ್ತಿದ್ದದ್ದು ಯಾವಾಗಲೂ ಬಲಗಡೆಯ ಕೊನೆಯ ಅಕ್ಷರ. ‘ಪೊ’ ಹೋಗಿದ್ದರೆ ಊರು ನಕ್ಕು ಸುಮ್ಮನಾಗುತ್ತಿತ್ತು. ಹೋಗುತ್ತಿದ್ದದ್ದು ‘ಲ್ಲ’. ಆಗ ಉಳಿಯುವುದು ‘ಪೊಲೀಸರದ್ದ’. ಗಾಡಿಯೇ ನಮ್ಮನ್ನು ನಿಲ್ಲಿಸಿ ಪೊಲೀಸರದ್ದಾ ಎಂದು ಕೇಳುತ್ತದೆ ನೋಡು ಅಕ್ಕ ಎಂದು ದಿವಾಕರ ತಮಾಷೆ ಮಾಡುತ್ತಿದ್ದ. ನಾನು ಬೈದು, ಬ್ರಷ್ ತೆಗೆದುಕೊಂಡು, ದಿನಾ ಬೆಳಿಗ್ಗೆ ಆ ಒಂದು ಅಕ್ಷರವನ್ನು ಹೊಸದಾಗಿ ಬರೆದು ಕಳಿಸುತ್ತಿದ್ದೆ.

ದಕ್ಕೆಗೆ ಬಂಗುಡೆ ಮೀನು ಸುರಿದು ಬಂದ ದಿನ ಅದು. ಬೋಟಿನ ಮೇಲೆ ಬೋಟು, ಐಸ್ ಐಸ್ ಎಂದು ಎಲ್ಲರದ್ದೂ ಬೊಬ್ಬೆ. ದಿವಾಕರ ಶೆಡ್ಡಿಗೆ ಬಂದು ತುಂಬಿಸಿಕೊಂಡು ತಿರುಗಿ ಓಡಿದ, ಮತ್ತೆ ಬಂದ, ಮತ್ತೆ ಓಡಿದ. ಬೆಳಿಗ್ಗೆ ನಾನು ಬರೆದದ್ದು ಮಧ್ಯಾಹ್ನದ ಹೊತ್ತಿಗೆ ಕರಗಿ ಹೋಗಿತ್ತು. ಆಮೇಲೆ ಅವನು ಬರಲಿಲ್ಲ. ಬಂದದ್ದು ಬೇಬಿಯಕ್ಕ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು. ದಕ್ಕೆಯಲ್ಲಿ ಎಲ್ಲರಿಗಿಂತ ದೊಡ್ಡ ಗಂಟಲಿನ ಹೆಂಗಸು ಅವಳು, ನಾವು ಚಿಕ್ಕವರಿದ್ದಾಗಿನಿಂದ ನಮ್ಮ ಐಸನ್ನೇ ಕೊಂಡವಳು. ಅವತ್ತು ಅವಳ ಮಾತು ಕೇಳಬೇಕಾದರೆ ನಾನು ಹತ್ತಿರ ಹೋಗಿ ನಿಲ್ಲಬೇಕಾಯಿತು.

ಅವಳು ಹೇಳಿದ್ದು ಇಷ್ಟು. ಮಧ್ಯಾಹ್ನ ಟೆಂಪೋ ಬಂದು ತಿರುಗಿ ನಿಂತಾಗ ಹೆಂಗಸರೆಲ್ಲ ಹಿಂದಿನ ಬಾಗಿಲು ನೋಡಿದರು. ನೋಡಿದವರೇ ಬಾಯಿ ಮುಚ್ಚಿ ನೆಲ ನೋಡಿದರು. ದಿವಾಕರ ಇಳಿದು, ಇವತ್ತು ಎಲ್ಲರದ್ದೂ ಮೌನವ್ರತವಾ ಎಂದು ಕೇಳಿದ. ಒಬ್ಬಳು ಹೋಗಿ, ಪೊಲೀಸರಿಗೆ ಕೊಡುವ ಮಾಮೂಲಿನ ಹಾಗೆ, ಅವನ ಸೀಟಿನ ಮೇಲೆ ಒಂದು ಬುಟ್ಟಿ ಬಂಗುಡೆ ಇಟ್ಟು ಹಿಂದೆ ಸರಿದಳು. ತನ್ನ ಮದುವೆಯ ಮಾತುಕತೆಯ ಸುದ್ದಿ ಗೊತ್ತಾಗಿ ಇವರು ಗೋಳು ಹೊಯ್ದುಕೊಳ್ಳುತ್ತಿದ್ದಾರೆ ಎಂದು ಆ ಮಂಗ ತಿಳಿದುಕೊಂಡಿರಬೇಕು, ನಗುತ್ತಲೇ ಐಸ್ ಇಳಿಸತೊಡಗಿದ. ಅಷ್ಟರಲ್ಲಿ ಒಂದು ಕಂದು ಬಣ್ಣದ ವ್ಯಾನ್ ಬಂತು, ಅದರ ಮೇಲೆ ಏನೂ ಬರೆದಿರಲಿಲ್ಲ. ಇಬ್ಬರು ಇಳಿದರು, ಒಬ್ಬ ಚೌಕುಳಿ ಅಂಗಿಯವನು, ಇನ್ನೊಬ್ಬ ಎಲೆ ಅಡಿಕೆ ಜಗಿಯುತ್ತಿದ್ದ. ಚೌಕುಳಿಯವನು ಟೆಂಪೋದ ಬಾಗಿಲಿಗೆ ಬಡಿದು, ಇದು ಯಾರದ್ದು ಎಂದು ಕೇಳಿದ.

“ನಮ್ಮದು,” ಎಂದನಂತೆ ದಿವಾಕರ.

ಬೇರೆ ಏನು ಹೇಳುತ್ತಾನೆ? ನಮ್ಮ ಕಡೆ ಒಬ್ಬನೇ ಇದ್ದರೂ ನನ್ನ ಮನೆ, ನನ್ನ ಗಾಡಿ ಎಂದು ಯಾರೂ ಹೇಳುವುದಿಲ್ಲ. ನಮ್ಮ ಮನೆ, ನಮ್ಮ ಗಾಡಿ, ಕಟ್ಟಿಕೊಂಡ ಹೆಂಡತಿ ಕೂಡ ನಮ್ಮ ಮನೆಯವಳು. ಆದರೆ ‘ಪೊಲೀಸರದ್ದ’ ಎಂದು ಬರೆದ ಗಾಡಿಯ ಪಕ್ಕದಲ್ಲಿ ನಿಂತು ನಮ್ಮದು ಎಂದವನು ತಾನು ಪೊಲೀಸು ಎಂದು ಬಾಯಿಬಿಟ್ಟು ಹೇಳಿದ ಹಾಗಾಯಿತು. ವೇಷ ಹಾಕಿದ್ದಕ್ಕೆ ಇನ್ನೇನು ಸಾಕ್ಷಿ ಬೇಕು, ದಕ್ಕೆಯ ಹೆಂಗಸರೆಲ್ಲ ನಿಂತು ಕೇಳಿದ್ದಾರೆ. ಅವನು ಐಸಿನ ಕೊಕ್ಕೆಯನ್ನು ಕೈಯಲ್ಲಿ ಹಿಡಿದುಕೊಂಡೇ ವ್ಯಾನ್ ಹತ್ತಿದನಂತೆ, ಎಲೆ ಅಡಿಕೆಯವನು ಅದನ್ನು ಕಿತ್ತು ಬಿಸಾಡಿದನಂತೆ.

ನನಗೆ ಮೈಯೆಲ್ಲ ಉರಿಯಿತು. ವ್ಯಾನಿನವರ ಮೇಲೆ ಆಮೇಲೆ, ಮೊದಲು ಬೇಬಿಯಕ್ಕನ ಮೇಲೆ. ಅವನು ಸಣ್ಣವನಿದ್ದಾಗ ಅವಳ ಬುಟ್ಟಿಯ ಪಕ್ಕ ಮಲಗಿ ನಿದ್ದೆ ಮಾಡಿದ್ದಾನೆ. ಅಕ್ಷರ ಹೋಗಿದೆ ಮಗಾ ಎಂದು ಒಂದು ಮಾತು ಹೇಳಲು ಆಗಲಿಲ್ಲವಾ ಎಂದು ಕೇಳಿದೆ.

“ಹೇಳುದು ಹೇಗೆ ಜಲಜಾ?” ಎಂದಳು ಅವಳು. “ಪೊಲೀಸರದ್ದು ಅಂತ ಬರೆದ ಗಾಡಿಯ ಹತ್ರ ಹೋಗಿ, ಇದು ಪೊಲೀಸರದ್ದಲ್ಲ ಅಂತ ಹೇಳ್ಲಿಕ್ಕೆ ಆಗ್ತದಾ?”

“ಅದು ದಿವಾಕರನ ಗಾಡಿ ಅಂತ ನಿಮ್ಗೆ ಗೊತ್ತುಂಟು.”

“ಗೊತ್ತುಂಟು. ಆದ್ರೆ ಬರೆದದ್ದು ಬೇರೆ ಅಲ್ವಾ?”

ಇದು ನಮ್ಮ ಊರು. ಕಣ್ಣೆದುರು ಬೆಳೆದ ಹುಡುಗನಿಗಿಂತ ಕರಗಿಹೋದ ಒಂದು ಅಕ್ಷರದ ಮೇಲೆ ಇವರಿಗೆ ನಂಬಿಕೆ ಹೆಚ್ಚು. ನಾನು ಅವಳನ್ನು ಅಲ್ಲಿಯೇ ಬಿಟ್ಟು ದಕ್ಕೆಗೆ ನಡೆದೆ. ಟೆಂಪೋ ನಿಂತಲ್ಲಿಯೇ ನಿಂತಿತ್ತು, ಐಸ್ ಕರಗಿ ಅದರ ಸುತ್ತ ನೀರು ನಿಂತಿತ್ತು, ಹೆಂಗಸರು ಆ ನೀರನ್ನು ಕೂಡ ದಾಟದೆ ಸುತ್ತು ಬಳಸಿ ಹೋಗುತ್ತಿದ್ದರು. ನನ್ನ ಹಿಂದೆಯೇ ಬಂದಿದ್ದ ಬೇಬಿಯಕ್ಕನ ಸೊಂಟದ ಚೀಲದಿಂದ ಸುಣ್ಣದ ಡಬ್ಬಿ ಕಿತ್ತುಕೊಂಡು, ಬೆರಳಿನಲ್ಲಿ ಅದ್ದಿ ‘ಲ್ಲ’ ಬರೆದೆ. ಬರೆದ ಕೂಡಲೇ ಹೆಂಗಸರಿಗೆ ಬಾಯಿ ಬಂತು, ಅಯ್ಯೋ ಪಾಪ ಜಲಜಕ್ಕ ಎಂದು ಶುರು ಮಾಡಿದರು. ನಾನು ಯಾರ ಮುಖವನ್ನೂ ನೋಡದೆ ಟೆಂಪೋ ಹತ್ತಿದೆ.

ಸ್ಟೇಷನ್ನಿನಲ್ಲಿ ರೈಟರ್ ಶೇಷಪ್ಪನವರು ಬಹಳ ಮರ್ಯಾದೆಯ ಮನುಷ್ಯ. ಕುರ್ಚಿ ತೋರಿಸಿದರು, ನೀರು ತರಿಸಿದರು. ಕಂದು ವ್ಯಾನಿನ ವಿಷಯ ಹೇಳಿದಾಗ ಕಣ್ಣು ಮುಚ್ಚಿ ಯೋಚಿಸಿ, ಅಂಥ ವ್ಯಾನ್ ತಮ್ಮಲ್ಲಿ ಇಲ್ಲ ಎಂದರು. ಹಾಗಾದರೆ ಅವರು ವೇಷದವರು, ನನ್ನ ತಮ್ಮನನ್ನು ಕದ್ದುಕೊಂಡು ಹೋಗಿದ್ದಾರೆ, ಹುಡುಕಿಸಿಕೊಡಿ ಎಂದೆ. ಶೇಷಪ್ಪನವರು ನಾಲಗೆ ಕಚ್ಚಿಕೊಂಡರು. ವ್ಯಾನಿನ ಮೇಲೆ ಏನಾದರೂ ಬರೆದಿತ್ತಾ ಎಂದು ಕೇಳಿದರು. ಇಲ್ಲ ಎಂದೆ. ಬರೆಯದ ಗಾಡಿಯನ್ನು ವೇಷ ಎಂದು ಹೇಳುವುದು ಅಪರಾಧ, ತಾವು ಅದನ್ನು ಕೇಳಿಸಿಕೊಂಡೇ ಇಲ್ಲ, ಇನ್ನೊಮ್ಮೆ ಹೇಳಬೇಡಿ ಎಂದರು.

“ಹಾಗಾದ್ರೆ ವ್ಯಾನ್ ನಿಮ್ದೇ,” ಎಂದೆ. “ನನ್ನ ತಮ್ಮ ನಿಮ್ಮ ಹತ್ರ ಇದ್ದಾನೆ. ಕೊಡಿ.”

“ಕಾನೂನು ಪ್ರಕಾರ ನಮ್ಮದೇ ಅಮ್ಮ. ಆದ್ರೆ ನಮ್ಮಲ್ಲಿ ಇಲ್ಲ.”

“ನಿಮ್ಮದು, ಆದ್ರೆ ನಿಮ್ಮಲ್ಲಿ ಇಲ್ಲ. ಇದನ್ನು ಹೇಳ್ಲಿಕ್ಕೆ ನಿಮ್ಗೆ ಸಂಬಳ ಕೊಡುದಾ?”

ಶೇಷಪ್ಪನವರಿಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು, ಎದುರಿಗೆ ಒಬ್ಬ ಮನುಷ್ಯ ಇದ್ದಾನೆ ಎಂದಾದರೂ ಅನ್ನಿಸುತ್ತಿತ್ತು. ಅವರು ನೀರಿನ ಲೋಟವನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿದರು. ಆಮೇಲೆ ಹೊರಗಿನವರೆಗೆ ನನ್ನನ್ನು ಬಿಡಲು ಬರುವ ನೆಪದಲ್ಲಿ ಬಂದು, ಬಾಗಿಲಿನ ಹತ್ತಿರ ಬೇರೆ ಕಡೆ ನೋಡುತ್ತ, ಹೊಳೆಯಾಚೆಯ ಹಳೆಯ ಹಂಚಿನ ಕಾರ್ಖಾನೆಗೆ ಹೋಗಿ ನೋಡಿ ಎಂದರು. ಬರೆಯದ ಗಾಡಿಗಳೆಲ್ಲ ಅಲ್ಲಿಗೇ ಹೋಗುತ್ತವೆ. ಎಲ್ಲ ಎಂದರೆ ಎರಡೂ ನಮೂನೆಯವು. ಯಾವುದು ಯಾವುದೆಂದು ಒಳಗಿನವರು ವಿಚಾರಿಸುವುದಿಲ್ಲ, ತಾವೂ ವಿಚಾರಿಸಿಲ್ಲ. ಇಷ್ಟು ಹೇಳಿ ಅವರು ನನಗೆ ಕೈ ಮುಗಿದು ಒಳಗೆ ಹೋದರು.

ಕಾರ್ಖಾನೆಯ ಗೇಟು ಮುಚ್ಚಿತ್ತು. ನನ್ನ ಟೆಂಪೋ ನೋಡಿ ಕಾವಲಿನವನು ಗೇಟಿನ ಸಂದಿಯಿಂದಲೇ ಕೈ ಬೀಸಿದ, ಬರೆದ ಗಾಡಿಗೆ ಇಲ್ಲಿ ಜಾಗ ಇಲ್ಲ, ಆಚೆ ಮರದ ಕೆಳಗೆ ಹೋಗು ಎಂದ. ಮರದ ಕೆಳಗೆ ನೋಡಿದರೆ ಅಲ್ಲಿ ಒಂದು ಸಣ್ಣ ಊರೇ ಇತ್ತು. ಹೆಂಗಸರು, ಮುದುಕರು, ಚಾಪೆಗಳು, ಬುತ್ತಿಯ ಪಾತ್ರೆಗಳು, ಬಟ್ಟೆ ಒಣಗಿಸಲು ಒಂದು ಹಗ್ಗ. ಒಬ್ಬ ಮುದುಕ ಬೀಡಿ, ಬೆಂಕಿಪೆಟ್ಟಿಗೆ, ಕಡ್ಲೆಕಾಯಿಯ ಅಂಗಡಿಯನ್ನೂ ಇಟ್ಟುಕೊಂಡಿದ್ದ. ಗುಲಾಬಿ ಎಂಬ ಹೆಂಗಸು ತನ್ನ ಚಾಪೆಯಲ್ಲಿ ಜಾಗ ಬಿಟ್ಟು ನನ್ನನ್ನು ಕೂರಿಸಿದಳು. ಅವಳ ಗಂಡ ಐತಪ್ಪ ಸೈಕಲ್ ರಿಪೇರಿಯವನು. ಬಣ್ಣ ಒಣಗಲಿ ಎಂದು ಗಿರಾಕಿಯ ಸೈಕಲ್ಲನ್ನು ಹೊರಗೆ ನಿಲ್ಲಿಸಿದ್ದನಂತೆ, ಇನ್ನೂ ಏನೂ ಬರೆದಿರಲಿಲ್ಲವಂತೆ. ಅವನು ಒಳಗೆ ಹೋಗಿ ಎರಡು ಮಳೆಗಾಲ ಕಳೆದಿತ್ತು.

“ನಿಮ್ಮವರಾ?” ಎಂದು ಕೇಳಿದಳು. ತಮ್ಮ ಎಂದೆ. “ಮೊದಮೊದಲು ಕಷ್ಟ ಆಗ್ತದೆ,” ಎಂದಳು. “ಆಮೇಲೆ ಅಭ್ಯಾಸ ಆಗ್ತದೆ.” ಊಟವನ್ನು ಗೇಟಿನಲ್ಲಿ ಕಾವಲಿನವನ ಕೈಗೆ ಕೊಟ್ಟು ಬರಬೇಕು, ಪಾತ್ರೆ ಖಾಲಿಯಾಗಿ ತಿರುಗಿ ಬರುತ್ತದೆ. ಯಾರು ಉಣ್ಣುತ್ತಾರೆ ಎಂದು ಕೇಳಬಾರದು. ಐತಪ್ಪ ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಾನೆ, ಒಳಗೆ ಒದ್ದೆ ನೆಲ ಇದ್ದರೆ ಅವನಿಗೆ ಆಗುವುದಿಲ್ಲ ಎಂದು ಅವಳಿಗೆ ಚಿಂತೆ. ಹುಳಿ ಖಾರದ ಬಂಗುಡೆ ಪುಳಿಮುಂಚಿ ಎಂದರೆ ಅವನಿಗೆ ಜೀವ, ಹಾಗಾಗಿ ಅದನ್ನೇ ಮಾಡಿ ತರುತ್ತಾಳೆ. ಉಳಿದವರೂ ನನಗೆ ಬುದ್ಧಿ ಹೇಳತೊಡಗಿದರು. ಬೊಬ್ಬೆ ಹಾಕಬಾರದು, ಗೇಟು ಮುಟ್ಟಬಾರದು, ಗಾಡಿ ಬಂದರೆ ಎದ್ದು ನಿಂತು ನೆಲ ನೋಡಬೇಕು. ಹೊಸಬರು ಸಾಲಿನ ಕೊನೆಗೆ ಕೂರಬೇಕು, ನಾನು ಗುಲಾಬಿಯ ಚಾಪೆಯಲ್ಲಿ ಕೂತದ್ದು ತಪ್ಪು ಎಂದು ಒಬ್ಬಳು ತಗಾದೆಯನ್ನೂ ತೆಗೆದಳು.

ನಾನು ಅಲ್ಲಿ ಕೂತೆ. ಸುಳ್ಳು ಹೇಳುವುದಿಲ್ಲ, ದಿನಗಟ್ಟಲೆ ಕೂತೆ. ಬೆಳಿಗ್ಗೆ ಐಸಿನ ಕೆಲಸ ಮುಗಿಸಿ, ಅನ್ನ ಮೀನುಸಾರು ಮಾಡಿ, ಪಾತ್ರೆಗೆ ಹಾಕಿ ತರುತ್ತಿದ್ದೆ. ಪಾತ್ರೆ ಖಾಲಿಯಾಗಿ ತಿರುಗಿ ಬರುತ್ತಿತ್ತು. ಬರೆಯದ ಗಾಡಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಗೇಟು ಅವುಗಳಿಗೆ ತಾನಾಗಿ ತೆರೆಯುತ್ತಿತ್ತು, ಕಾವಲಿನವನು ಒಳಗಿದ್ದವರ ಮುಖ ಕೂಡ ನೋಡದೆ ಸೆಲ್ಯೂಟ್ ಹೊಡೆಯುತ್ತಿದ್ದ. ನಾವು ಎದ್ದು ನಿಂತು ನೆಲ ನೋಡುತ್ತಿದ್ದೆವು. ಒಂದು ದಿನ ಆ ಕಂದು ವ್ಯಾನ್ ಕೂಡ ಬಂತು. ನಾನು ಎದ್ದು ನಿಂತೆ, ಮತ್ತು ನನ್ನ ತಮ್ಮನನ್ನು ಹೊತ್ತುಕೊಂಡು ಹೋದ ಆ ವ್ಯಾನಿನ ಎದುರು ನನ್ನ ತಲೆ ತಾನಾಗಿ ತಗ್ಗಿತು. ಗುಲಾಬಿ ನನ್ನ ಬೆನ್ನು ತಟ್ಟಿ, “ನೋಡಿ, ಬೇಗ ಕಲ್ತ್ರಿ,” ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು.

ಆ ಮಾತು ನನ್ನನ್ನು ಕೊರೆಯಿತು. ಮನೆಗೆ ಬಂದು ಒಬ್ಬಳೇ ಅನ್ನದ ಎದುರು ಕೂತವಳು ತಟ್ಟೆಯನ್ನು ಆಚೆ ಸರಿಸಿದೆ. ಅಳು ಬಂದಿದ್ದರೆ ಅತ್ತು ಮುಗಿಸುತ್ತಿದ್ದೆ. ಬಂದದ್ದು ಸಿಟ್ಟು, ಮತ್ತು ಅದು ಎಲ್ಲರ ಮೇಲೂ ಬಂತು. ಲೋಟ ಸರಿಸುವ ಶೇಷಪ್ಪನ ಮೇಲೆ, ಸೀಟಿಗೆ ಬಂಗುಡೆ ಇಟ್ಟವಳ ಮೇಲೆ, ಸಾಲಿನ ಕೊನೆಗೆ ಹೋಗು ಎಂದವಳ ಮೇಲೆ, ಹೂವಿನಲ್ಲಿ ‘ಪೊಲೀಸರದ್ದಲ್ಲ’ ಕಟ್ಟಿಸಿ ಅದರ ಎದುರು ಹಲ್ಲು ಕಿರಿದು ಫೋಟೋ ತೆಗೆಸಿಕೊಳ್ಳುವ ಮದುಮಕ್ಕಳ ಮೇಲೆ. ಬೇಗ ಕಲಿತ ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು.

ಮರುದಿನ ಬುತ್ತಿ ತರಲಿಲ್ಲ. ಟೆಂಪೋದಲ್ಲಿ ಒಂದು ಗಡ್ಡೆ ಐಸ್ ಮತ್ತು ಎರಡು ಗೋಣಿ ಹಾಕಿಕೊಂಡು ಬಂದೆ. ಹಾಡುಹಗಲು, ಎಲ್ಲರೂ ನೋಡುತ್ತಿದ್ದ ಹಾಗೆ, ಗೋಣಿಯನ್ನು ಐಸಿನ ನೀರಿನಲ್ಲಿ ಅದ್ದಿ ಹಿಂದಿನ ಬಾಗಿಲನ್ನು ಉಜ್ಜಿದೆ. ಸುಣ್ಣ ಮೊದಲ ಒರೆತಕ್ಕೇ ಹೋಯಿತು. ಉಳಿದ ಅಕ್ಷರಗಳು ಹಳೆಯವು, ಅವಕ್ಕೆ ಐಸಿನ ಚೂರಿನಿಂದಲೇ ತಿಕ್ಕಬೇಕಾಯಿತು. ಗುಲಾಬಿ ಓಡಿ ಬಂದು ನನ್ನ ಕೈ ಹಿಡಿದಳು. ವೇಷ ಹಾಕಿದರೆ ಏನಾಗುತ್ತದೆ ಎಂದು ಗೊತ್ತಿಲ್ಲವಾ, ತಮ್ಮನ ಜೊತೆಗೆ ನೀವೂ ಹೋಗುತ್ತೀರಿ, ಆಮೇಲೆ ನಿಮಗೆ ಅನ್ನ ತರುವವರು ಯಾರು ಎಂದು ಬೇಡಿಕೊಂಡಳು. ಮುಂದಿನದನ್ನು ಉಜ್ಜಿದೆ, ಎಡಬದಿಯನ್ನು ಉಜ್ಜಿದೆ. ಬಲಬದಿಯ ಕೊನೆಯ ಅಕ್ಷರ ಅಳಿಸುವವರೆಗೂ ಅವಳು ನನ್ನ ಕೈ ಬಿಟ್ಟಿರಲಿಲ್ಲ, ಜಲಜಕ್ಕ ಜಲಜಕ್ಕ ಎಂದು ಕರೆಯುತ್ತಲೇ ಇದ್ದಳು. ಅದೂ ಅಳಿಸಿತು. ಅವಳ ಕೈ ತಾನಾಗಿ ಸಡಿಲವಾಯಿತು. ತಿರುಗಿ ನೋಡಿದರೆ ಗುಲಾಬಿ ಎರಡು ಹೆಜ್ಜೆ ಹಿಂದೆ ಹೋಗಿ ನಿಂತಿದ್ದಳು, ಅವಳ ಹಿಂದೆ ಮರದ ಕೆಳಗಿನವರೆಲ್ಲ ಎದ್ದು ನಿಂತಿದ್ದರು, ಎಲ್ಲರೂ ನೆಲ ನೋಡುತ್ತಿದ್ದರು. ನಾನು ಉಜ್ಜುವುದನ್ನು ಇವರು ಕಣ್ಣಾರೆ ಕಂಡಿದ್ದಾರೆ, ನನ್ನ ಕೈಯಿಂದ ಇನ್ನೂ ಬಣ್ಣದ ನೀರು ಇಳಿಯುತ್ತಿತ್ತು.

ಟೆಂಪೋ ಹತ್ತಿ ಗೇಟಿನ ಎದುರು ತಂದೆ, ಗೇಟು ತೆರೆಯಿತು. ಕಾವಲಿನವನು ಸೆಲ್ಯೂಟ್ ಹೊಡೆದ. ದಿನಾ ನನ್ನ ಕೈಯಿಂದ ಪಾತ್ರೆ ತೆಗೆದುಕೊಳ್ಳುತ್ತಿದ್ದವನು ಅವನೇ.

ಒಳಗೆ ಹಂಚು ಒಣಗಿಸುವ ಉದ್ದದ ಚಪ್ಪರಗಳು. ಅವುಗಳ ಕೆಳಗೆ ಮಣ್ಣಿನ ನೆಲದಲ್ಲಿ ಗಂಡಸರು ಸಾಲಾಗಿ ಕೂತಿದ್ದರು, ಗಲ್ಲ ಎದೆಗೆ ತಾಗಿಸಿ. ಅಂಗಳದಲ್ಲಿ ಆ ಕಂದು ವ್ಯಾನ್ ನಿಂತಿತ್ತು, ಚೌಕುಳಿ ಅಂಗಿಯವನು ಅದರ ಮೆಟ್ಟಿಲಿನ ಮೇಲೆ ಕೂತು ಬುತ್ತಿ ಉಣ್ಣುತ್ತಿದ್ದ. ಆ ಪಾತ್ರೆ ಗುಲಾಬಿಯದ್ದು. ಐತಪ್ಪನಿಗೆ ಜೀವವಾದ ಪುಳಿಮುಂಚಿಯನ್ನು ಎರಡು ಮಳೆಗಾಲ ಯಾರು ತಿಂದರು ಎಂದು ಆಗ ಗೊತ್ತಾಯಿತು. ನನ್ನ ಟೆಂಪೋ ಕಂಡದ್ದೇ ಅವನು ಎಂಜಲು ಕೈಯಲ್ಲಿಯೇ ಎದ್ದು ನಿಂತು ನೆಲ ನೋಡಿದ. ಅವನು ನಿಜವಾದ ಪೊಲೀಸನೋ ವೇಷದವನೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಯಾರೆಂದು ಅವನಿಗೂ ಗೊತ್ತಿರಲಿಲ್ಲ, ಕೇಳುವ ಹಾಗೂ ಇರಲಿಲ್ಲ. ಇಳಿದು ಅವನ ಎದುರು ನಿಂತು ಕೆನ್ನೆಗೆ ಒಂದು ಬಿಗಿದೆ. ಅವನು ತಲೆ ಎತ್ತದೆ ಅದನ್ನು ತೆಗೆದುಕೊಂಡ. ನನಗೆ ಅದರಿಂದ ಏನೂ ಸಮಾಧಾನವಾಗಲಿಲ್ಲ.

“ಎಷ್ಟು ಜನ ಬೇಕು ಮೇಡಂ?” ಎಂದ ಕಾವಲಿನವನು.

ದಿವಾಕರ ಎಂಬವನು ಬೇಕು ಎಂದೆ. ಇಲ್ಲಿ ಹೆಸರಿನ ವ್ಯವಹಾರ ಇಲ್ಲ, ಎಷ್ಟು ಎಂದು ಹೇಳಿದರೆ ಏರಿಸಿಕೊಡುತ್ತೇನೆ ಎಂದ. ನಾನೇ ಹುಡುಕಬೇಕಾಯಿತು. ಸಾಲುಗಳ ನಡುವೆ ನಡೆದೆ. ಎಲ್ಲರದ್ದೂ ಕುತ್ತಿಗೆಯ ಹಿಂಭಾಗ ಮಾತ್ರ ಕಾಣುತ್ತಿತ್ತು, ಎಲ್ಲವೂ ಒಂದೇ ನಮೂನೆ ಕಪ್ಪಾಗಿ ಬತ್ತಿ ಹೋಗಿದ್ದವು. ಕೊನೆಗೆ ಕೈ ನೋಡಿ ಗುರುತು ಹಿಡಿದೆ, ಐಸ್ ಮುಟ್ಟಿ ಮುಟ್ಟಿ ಬಿರುಕು ಬಿಟ್ಟ ಬೆರಳುಗಳು. “ದಿವಾಕರಾ,” ಎಂದು ಮೆಲ್ಲಗೆ ಕರೆದೆ. ಅವನು ಎದ್ದು ನಿಂತ. ತಲೆ ಎತ್ತಲಿಲ್ಲ. ನಾನು ಅವನ ತೋಳು ಹಿಡಿದರೆ, ಹೊಡೆತಕ್ಕೆ ಸಿದ್ಧವಾಗುವವನ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಮಾತಿನಲ್ಲಿ ಎರಡು ಹೆಜ್ಜೆ ಮುಂದೆ ಇದ್ದ ನನ್ನ ತಮ್ಮನ ಬಾಯಿಂದ ಒಂದು ಶಬ್ದ ಬರಲಿಲ್ಲ.

ಅವನೊಬ್ಬನನ್ನು ಕರೆದುಕೊಂಡು ಹೋಗಲು ಬಂದವಳು ನಾನು. ನನಗೆ ಊರನ್ನು ಉದ್ಧಾರ ಮಾಡುವ ಹುಚ್ಚು ಇರಲಿಲ್ಲ. ಆದರೆ ಅವನು ಎದ್ದಾಗ ಪಕ್ಕದಲ್ಲಿ ಕೂತವನು, ಖಾಲಿಯಾದ ಆ ಜಾಗಕ್ಕೆ ಸದ್ದಿಲ್ಲದೆ ಸರಿದು ಸಾಲನ್ನು ನೇರ ಮಾಡಿದ. ಯಾರೂ ಹೇಳಿರಲಿಲ್ಲ. ಅದನ್ನು ನೋಡಿ ನನ್ನ ತಲೆ ಕೆಟ್ಟಿತು.

“ಎಲ್ಲರೂ,” ಎಂದೆ.

“ಗಾಡಿ ಸಣ್ಣದು ಮೇಡಂ. ಎಲ್ಲರೂ ಹಿಡಿಸ್ಲಿಕ್ಕಿಲ್ಲ.”

“ಹಿಡಿಸದವ್ರು ಹಿಂದೆ ನಡ್ಕೊಂಡು ಬರ್ಲಿ.”

ಕಾವಲಿನವನು ತಲೆ ಕೆರೆದುಕೊಂಡ. ಇಂಥ ಅಪ್ಪಣೆ ಅವನಿಗೆ ಹೊಸದು, ಆದರೆ ಅಪ್ಪಣೆ ಅಪ್ಪಣೆಯೇ. ಅವನು ಸಾಲುಗಳನ್ನು ಎಬ್ಬಿಸಿದ. ಕೆಲವರು ಟೆಂಪೋ ಹತ್ತಿ ಒದ್ದೆ ಮರದ ಹುಡಿಯ ಮೇಲೆ ಕೂತರು, ಹೆಚ್ಚಿನವರು ಟೆಂಪೋದ ಹಿಂದೆ ಇಬ್ಬಿಬ್ಬರಾಗಿ ನಿಂತರು. ನಾನು ಮೆಲ್ಲಗೆ ಗೇಟು ದಾಟಿಸಿದೆ.

ಹೊರಗೆ ಮರದ ಕೆಳಗಿನವರು ಹಾಗೆಯೇ ನಿಂತಿದ್ದರು. ರಸ್ತೆಯ ಈ ಬದಿಯಲ್ಲಿ ಇವರು, ನಡುವೆ ಅವರ ಗಂಡಂದಿರು, ಅಣ್ಣಂದಿರು, ಮಕ್ಕಳು ಸಾಲಾಗಿ ನಡೆದು ಬರುತ್ತಿದ್ದರು. ಒಬ್ಬರೂ ನೋಡಲಿಲ್ಲ. ಬರೆಯದ ಗಾಡಿ ಹೋಗುತ್ತಿದೆ, ನೆಲ ನೋಡಬೇಕು. ಕನ್ನಡಿಯಲ್ಲಿ ಕಂಡೆ, ಒಬ್ಬ ಗಡ್ಡದವನು ಎಡಗಾಲು ಎಳೆದುಕೊಂಡು ಗುಲಾಬಿಯ ಎದುರಿನಿಂದಲೇ ದಾಟಿದ. ಅವಳು ಕೈ ಚಾಚಿದ್ದರೆ ಅವನ ಅಂಗಿ ಸಿಗುತ್ತಿತ್ತು. ಅವಳು ತನ್ನ ಕಾಲಿನ ಹೆಬ್ಬೆರಳು ನೋಡುತ್ತಿದ್ದಳು, ಅವನು ತನ್ನದನ್ನು. ದಾಟಿ ಹೋದ.

ನಾನು ಬ್ರೇಕ್ ಹಾಕಿ ಇಳಿದೆ. ಗುಲಾಬೀ ಎಂದು ಕೂಗಿದೆ, ಅವಳು ಇನ್ನಷ್ಟು ತಗ್ಗಿದಳು. ನಾನು ಜಲಜ, ಐಸಿನ ಜಲಜ, ನಿನ್ನ ಚಾಪೆಯಲ್ಲಿ ಕೂತವಳು ಎಂದೆ. ಗಾಳಿಗೆ ಹೇಳಿದ ಹಾಗಾಯಿತು. ನಿಮ್ಮವರು ಬಂದಿದ್ದಾರೆ, ದಮ್ಮಯ್ಯ ನೋಡಿ ಎಂದು ಬೇಡಿದೆ. ಬೇಡುವ ಪೊಲೀಸರನ್ನು ಅವರು ಯಾವತ್ತೂ ಕಂಡಿರಲಿಲ್ಲ, ಏನೋ ಮೋಸ ಇರಬೇಕೆಂದು ಮುದುಕನೊಬ್ಬ ನಡುಗತೊಡಗಿದ. ಆಗ ನನ್ನೊಳಗೆ ಉಳಿದಿದ್ದ ಸಿಟ್ಟೆಲ್ಲ ಒಟ್ಟಿಗೆ ಗಂಟಲಿಗೆ ಬಂತು.

“ತಲೆ ಎತ್ತಿ,” ಎಂದು ಗದರಿಸಿದೆ. “ಎಲ್ಲರೂ. ಈಗಲೇ.”

ಎತ್ತಿದರು. ಮರದ ಕೆಳಗಿನವರು, ರಸ್ತೆಯ ಮೇಲಿನವರು, ಗೇಟಿನ ಕಾವಲಿನವನು ಕೂಡ, ಒಂದೇ ಏಟಿಗೆ. ನಾನು ಅಂಗಲಾಚಿದಾಗ ಎತ್ತದ ತಲೆಗಳು ಪೊಲೀಸರ ಅಪ್ಪಣೆಗೆ ಎದ್ದವು. ಗುಲಾಬಿ ಐತಪ್ಪನನ್ನು ನೋಡಿದಳು, ಐತಪ್ಪ ಗುಲಾಬಿಯನ್ನು ನೋಡಿದ. ನೋಡುತ್ತಲೇ ಇದ್ದರು. ಯಾರೂ ಯಾರ ಹತ್ತಿರವೂ ಹೋಗಲಿಲ್ಲ, ಏಕೆಂದರೆ ಹೋಗಿ ಎಂದು ನಾನು ಹೇಳಿರಲಿಲ್ಲ.

ಟೆಂಪೋದ ಹಿಂದಿನ ಬಾಗಿಲಿನಲ್ಲಿ ದಿವಾಕರ ಕೂತಿದ್ದ. ಅವನೂ ತಲೆ ಎತ್ತಿದ್ದ. ಕಣ್ಣು ನನ್ನ ಮುಖದ ಮೇಲೆಯೇ ಇತ್ತು, ಅವನ ಮೂಗು ಒರೆಸಿದ, ದಿನಾ ಬೆಳಿಗ್ಗೆ ಬೈದು ಕಳಿಸಿದ ಈ ಅಕ್ಕನ ಮುಖದ ಮೇಲೆ. ಕುತ್ತಿಗೆಗೆ ಅಭ್ಯಾಸ ತಪ್ಪಿ ನೋವಾಗುತ್ತಿತ್ತೋ ಏನೋ, ಒಂದು ಕೈಯಿಂದ ಅದನ್ನು ಒತ್ತಿ ಹಿಡಿದಿದ್ದ.

“ಇನ್ನು ತಗ್ಗಿಸ್ಬಹುದಾ ಮೇಡಂ?” ಎಂದು ಕೇಳಿದ.

“ಬೇಡ,” ಎಂದೆ. ಅವನು ತಗ್ಗಿಸಲಿಲ್ಲ.